ಮೀನುಗಳಿಗೆ ಹೆಸರಿಟ್ಟ ಬುಕಾನನ್

ಮೈಸೂರು ಸೀಮೆಯ ಇತಿಹಾಸವನ್ನು ಓದುವ ವಿದ್ಯಾರ್ಥಿಗೆ ಬುಕಾನನ್ ಎಂಬ ಹೆಸರು ಹೊಸದಲ್ಲ. ಟೀಪೂ ಸುಲ್ತಾನನ ಪತನವಾದ ಮರುವರ್ಷವೇ ಈ ನಾಡನ್ನು ಊರೂರು ಸುತ್ತಿ, ಕೆರೆ ಕಾಲುವೆ, ಗದ್ದೆ ತೋಟ, ಸಂತೆ ಸುಂಕ, ಮಗ್ಗ ಕುಲುಮೆಗಳನ್ನೆಲ್ಲ ಬರೆದಿಟ್ಟ ಪ್ರವಾಸಿ ಅವರು. ನಮ್ಮ ಅಧ್ಯಾಪಕರು ಪಾಠ ಹೇಳುವಾಗ ಅವರನ್ನು ಆಗಾಗ ನೆನೆಯುವುದುಂಟು. ಪರೀಕ್ಷೆಯಲ್ಲಿ ಅವರ ಹೆಸರನ್ನು ಬರೆದು ನಾಲ್ಕು ಅಂಕ ಸಂಪಾದಿಸಿದವರಲ್ಲಿ ನಾನೂ ಒಬ್ಬ. ಆದರೆ ಆ ಬುಕಾನನ್ನರು ನಿಜವಾಗಿ ಎಂಥವರು ಎಂಬುದು ನನಗೆ ತಿಳಿದದ್ದು ಇತಿಹಾಸದ ಪುಸ್ತಕದಿಂದಲ್ಲ. ನಮ್ಮ ಕಾಲೇಜಿನ ವಾಚನಾಲಯದ ಮೂಲೆಯಲ್ಲಿರುವ ಮೀನಿನ ತೊಟ್ಟಿಯಿಂದ. ಅದು ಹೇಗೆಂಬುದನ್ನು ಮೊದಲು ನಿವೇದಿಸಿ, ಬಳಿಕ ಅವರ ಜೀವನಕ್ಕೆ ಬರುತ್ತೇನೆ.

ನಮ್ಮದು ಕಲಾ ಕಾಲೇಜು. ಇಲ್ಲಿ ಪ್ರಾಣಿಶಾಸ್ತ್ರದ ಪ್ರಯೋಗಶಾಲೆಯಿಲ್ಲ. ಇರುವುದು ಹಿಂದಿನ ವರ್ಷದ ವಿದ್ಯಾರ್ಥಿಗಳು ಬೀಳ್ಕೊಡುಗೆಯಾಗಿ ಕೊಟ್ಟುಹೋದ ಒಂದು ಗಾಜಿನ ತೊಟ್ಟಿ, ಅದರಲ್ಲಿ ಇಪ್ಪತ್ತು ಇಪ್ಪತ್ತೈದು ಸಣ್ಣ ಮೀನು. ಕಾಲೇಜು ದಿನಾಚರಣೆಗೆ ಅತಿಥಿಗಳು ಬರುವರೆಂದು ತೊಟ್ಟಿಯನ್ನು ತೊಳೆದು ಹೊಸ ಮೀನುಗಳನ್ನು ತಂದು ಬಿಟ್ಟಾಗ, ಅವುಗಳ ಹೆಸರಿನ ಚೀಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಅಕ್ಷರ ಗುಂಡಾಗಿದೆ ಎಂಬುದೊಂದೇ ನನ್ನ ಯೋಗ್ಯತೆ. ಬೆಳ್ಳಿಯ ಮೈಯ, ಪಕ್ಕದಲ್ಲಿ ಕಪ್ಪು ಬೊಟ್ಟಿದ್ದ ಹತ್ತು ಮೀನುಗಳನ್ನು ಅಂಗಡಿಯವರು ರೋಸಿ ಬಾರ್ಬ್ ಎಂದು ಹೇಳಿ ಕೊಟ್ಟಿದ್ದರು. ನಾನು ಹಾಗೆಯೇ ಬರೆದು ಅಂಟಿಸಿದೆ.

ವಾಚನಾಲಯದ ಅಟೆಂಡರು ಹೊಳೆದಂಡೆಯ ಬೆಸ್ತರ ಮನೆಯಲ್ಲಿ ಹುಟ್ಟಿ ಬೆಳೆದವರು. ನಾವೆಲ್ಲ ಅವರನ್ನು ಅಣ್ಣ ಎಂದೇ ಕರೆಯುವುದು. ಅವರು ತೊಟ್ಟಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ, ಚೀಟಿ ಒಂದು, ಮೀನು ಎರಡು ಬಗೆ ಎಂದು ಹೇಳಿದರು. ನನಗೆ ನಗು ಬಂತು. ಅಂಗಡಿಯವರಿಗೆ ತಿಳಿಯದೇ ಎಂದು ಕೇಳಿದೆ. ಅವರು ವಾದ ಮಾಡಲಿಲ್ಲ. ನಾಲ್ಕು ಮೀನುಗಳಿಗೆ ಕಿವಿರಿನ ಹಿಂದೆ ಮತ್ತೊಂದು ಚಿಕ್ಕ ಬೊಟ್ಟಿದೆ, ಉಳಿದ ಆರಕ್ಕೆ ಇಲ್ಲ, ಎರಡೂ ಗೆಂಡೆಯ ಜಾತಿಯೇ, ಆದರೆ ಒಂದೇ ಮೀನಲ್ಲ ಎಂದು ಬೆರಳಿಟ್ಟು ತೋರಿಸಿ, ಪತ್ರಿಕೆಗಳನ್ನು ಜೋಡಿಸಲು ಹೋದರು. ನಾನು ಚೀಟಿಯನ್ನು ತೆಗೆಯಲಿಲ್ಲ. ದಿನಾಚರಣೆಯ ದಿನ ಅತಿಥಿಗಳಾಗಿ ಬಂದಿದ್ದ ಜೀವಶಾಸ್ತ್ರದ ಪ್ರಾಧ್ಯಾಪಕರೊಬ್ಬರು ತೊಟ್ಟಿಯ ಮುಂದೆ ಬಾಗಿ ನೋಡಿ, ಅಟೆಂಡರ್ ಅಣ್ಣನ ಮಾತನ್ನೇ ಅಕ್ಷರಶಃ ಹೇಳಿದರು. ಅಣ್ಣ ಆಗ ಅಲ್ಲಿಯೇ ಕಾಫಿಯ ತಟ್ಟೆ ಹಿಡಿದು ನಿಂತಿದ್ದರು. ನನ್ನ ಮುಖವನ್ನು ಎಲ್ಲಿ ಬಚ್ಚಿಡಲಿ ಎಂದು ನನಗೆ ತೋರಲಿಲ್ಲ.

ಪ್ರಾಧ್ಯಾಪಕರು ಎರಡು ಮೀನುಗಳ ಶಾಸ್ತ್ರೀಯ ನಾಮಗಳನ್ನು ಬರೆದುಕೊಟ್ಟರು. ಎರಡು ಬೊಟ್ಟಿನದು ಪೆಥಿಯಾ ಟಿಕ್ಟೊ. ಒಂದು ಬೊಟ್ಟಿನದು ಪೆಥಿಯಾ ಕೊಂಕೋನಿಯಸ್, ಅದೇ ನಿಜವಾದ ರೋಸಿ ಬಾರ್ಬ್. ಎರಡು ಹೆಸರುಗಳ ಮುಂದೆಯೂ ಹ್ಯಾಮಿಲ್ಟನ್, 1822 ಎಂದಿತ್ತು. ಒಂದು ಜೀವಿಯನ್ನು ಮೊದಲು ಶಾಸ್ತ್ರರೀತ್ಯಾ ವರ್ಣಿಸಿದವರ ಹೆಸರನ್ನೂ ವರ್ಷವನ್ನೂ ಅದರ ನಾಮದ ಜೊತೆಗೆ ಬರೆಯುವುದು ವಿಜ್ಞಾನಿಗಳ ಸಂಪ್ರದಾಯವಂತೆ. ತೊಟ್ಟಿಯ ಉಳಿದ ಮೀನುಗಳ ಹೆಸರನ್ನು ಹುಡುಕಿದೆ. ಪಟ್ಟೆಪಟ್ಟೆಯ ಜೀಬ್ರಾ ಮೀನು: ಹ್ಯಾಮಿಲ್ಟನ್, 1822. ಜೇನಿನ ಬಣ್ಣದ ಹನಿ ಗೌರಾಮಿ: ಹ್ಯಾಮಿಲ್ಟನ್, 1822. ನಮ್ಮ ಕೆರೆಗಳಲ್ಲಿ ಬಿತ್ತಿ ಬೆಳೆಸುವ ರೋಹು, ಕಾಟ್ಲಾಗಳೂ ಅವೇ. ಈ ಹ್ಯಾಮಿಲ್ಟನ್ ಯಾರೆಂದು ಹುಡುಕುತ್ತ ಹೋದವನಿಗೆ ಸಿಕ್ಕಿದವರು ನನ್ನ ಇತಿಹಾಸದ ಬುಕಾನನ್ನರೇ! ಎರಡು ಮೀನನ್ನು ಒಂದೆಂದು ತಿಳಿದಿದ್ದ ನಾನು, ಒಬ್ಬ ಮನುಷ್ಯನನ್ನು ಇಬ್ಬರೆಂದು ತಿಳಿದಿದ್ದೆ.

ಫ್ರಾನ್ಸಿಸ್ ಬುಕಾನನ್ನರು 1762ನೆಯ ಇಸವಿ ಫೆಬ್ರವರಿ 15ರಂದು ಸ್ಕಾಟ್ಲೆಂಡಿನ ಪರ್ತ್‌ಷೈರ್ ಪ್ರಾಂತದಲ್ಲಿ ಜನಿಸಿದರು. ತಂದೆ ವೈದ್ಯರು. ಮಗನೂ ಅದೇ ವೃತ್ತಿಯನ್ನು ಹಿಡಿದು ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಓದಿ 1783ರಲ್ಲಿ ವೈದ್ಯಪದವಿ ಪಡೆದರು. ಅಲ್ಲಿ ಜಾನ್ ಹೋಪ್ ಎಂಬ ಸಸ್ಯಶಾಸ್ತ್ರಜ್ಞರ ಪಾಠಗಳು ಅವರ ಮನಸ್ಸನ್ನು ಸೆರೆಹಿಡಿದವು. ಆ ಕಾಲದಲ್ಲಿ ಔಷಧಿಯೆಂದರೆ ಹೆಚ್ಚಾಗಿ ಗಿಡಮೂಲಿಕೆಯೇ ಆದ್ದರಿಂದ ವೈದ್ಯನಾಗುವವನಿಗೆ ಒಂದು ಗಿಡವನ್ನು ಅದರಂತೆಯೇ ಕಾಣುವ ಇನ್ನೊಂದರಿಂದ ಬೇರ್ಪಡಿಸಿ ಗುರುತಿಸುವುದು ಪ್ರಾಣದ ಪ್ರಶ್ನೆಯಾಗಿತ್ತು. ಎಲೆಯ ಅಂಚು, ಹೂವಿನ ದಳ, ಕೇಸರಗಳ ಸಂಖ್ಯೆ, ಇವನ್ನು ಎಣಿಸಿ ನೋಡುವ ಅಭ್ಯಾಸ ಅವರಿಗೆ ಅಲ್ಲಿ ಅಂಟಿತು. ಮುಂದೆ ಮೀನುಗಳನ್ನು ನೋಡುವಾಗಲೂ ಅದೇ ಅಭ್ಯಾಸ ಕೈಹಿಡಿಯಿತು.

ಹಡಗುಗಳಲ್ಲಿ ವೈದ್ಯರಾಗಿ ಕೆಲವು ಬಾರಿ ಏಷ್ಯಾದ ಕಡೆಗೆ ಬಂದುಹೋದ ಮೇಲೆ 1794ರಲ್ಲಿ ಅವರು ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ವೈದ್ಯಕೀಯ ಸೇವೆಗೆ ಸೇರಿದರು. ಮರುವರ್ಷ ಬರ್ಮಾದ ಆವಾ ರಾಜನ ಆಸ್ಥಾನಕ್ಕೆ ಹೋದ ರಾಯಭಾರದಲ್ಲಿ ಅವರೂ ಇದ್ದರು. ಅಲ್ಲಿಂದ ಹಿಂದಿರುಗಿ ಈಗಿನ ಬಾಂಗ್ಲಾದೇಶದಲ್ಲಿರುವ ಲಕ್ಷ್ಮೀಪುರದಲ್ಲಿ ನೆಲೆಸಿದಾಗ ಅವರ ದೃಷ್ಟಿ ಮೀನುಗಳತ್ತ ತಿರುಗಿತು. ಆ ಸೀಮೆಯೆಂದರೆ ನೀರಿನದೇ ರಾಜ್ಯ. ಹೊಳೆ, ಕೊಳ, ಗದ್ದೆ, ಎಲ್ಲಿ ನೋಡಿದರೂ ಮೀನು. ಹಳ್ಳಿಯ ಹುಡುಗನೂ ಹತ್ತಾರು ಬಗೆಯ ಮೀನುಗಳ ಹೆಸರು ಹೇಳಬಲ್ಲ; ಆದರೆ ಯೂರೋಪಿನ ಪಂಡಿತರಿಗೆ ಅವುಗಳಲ್ಲಿ ಬಹುಪಾಲು ಮೀನುಗಳು ಇವೆಯೆಂಬುದೇ ಗೊತ್ತಿರಲಿಲ್ಲ. ಬಲೆಯ ಅಂಚಿನಲ್ಲಿ ಉಳಿದ ಸಣ್ಣ ಪುಟ್ಟ ಮೀನುಗಳನ್ನು, ಯಾರೂ ಬೆಲೆ ಕೊಡದ ಪುಡಿ ಮೀನುಗಳನ್ನು, ಎತ್ತಿ ನೋಡುವ ಕುತೂಹಲ ಬುಕಾನನ್ನರಿಗಿತ್ತು. ಇಂದು ನಾವು ಗಾಜಿನ ತೊಟ್ಟಿಯಲ್ಲಿ ಸಾಕುವ ಸುಂದರವಾದ ಮೀನುಗಳಲ್ಲಿ ಹಲವು ಆ ಪುಡಿ ಮೀನುಗಳ ರಾಶಿಯಿಂದಲೇ ಬಂದವು.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಗವರ್ನರ್ ಜನರಲ್ ವೆಲ್ಲೆಸ್ಲಿಯವರು ಹೊಸದಾಗಿ ಕೈಸೇರಿದ ನಾಡುಗಳ ಸ್ಥಿತಿಗತಿಗಳನ್ನು ಅರಿತುಬರಲು ಬುಕಾನನ್ನರನ್ನು ನೇಮಿಸಿದರು. 1800ರ ಏಪ್ರಿಲಿನಲ್ಲಿ ಮದರಾಸಿನಿಂದ ಹೊರಟ ಅವರು ಮೈಸೂರು, ಮಲಬಾರು, ಕೆನರಾ ಸೀಮೆಗಳನ್ನು ಸುತ್ತಿ 1801ರಲ್ಲಿ ಪ್ರವಾಸವನ್ನು ಮುಗಿಸಿದರು. ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರನ್ನು ಕಂಡರು. ಈ ಯಾತ್ರೆಯ ವಿವರ 1807ರಲ್ಲಿ ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಪ್ರಕಟವಾಯಿತು. ನಮ್ಮ ಅಧ್ಯಾಪಕರು ಹೆಸರಿಸುವ ಗ್ರಂಥ ಇದೇ. ಅವರು ಕಂಪನಿಯ ನೌಕರರು, ಈ ನೆಲದಿಂದ ಏನು ಹುಟ್ಟುತ್ತದೆ, ಎಷ್ಟು ಹುಟ್ಟುತ್ತದೆ ಎಂದು ಧಣಿಗಳಿಗೆ ತಿಳಿಸುವುದು ಅವರ ಕೆಲಸ ಎಂಬುದನ್ನು ನಾವು ಮರೆಯಲಾಗದು. ಆದರೆ ರಾಗಿ ಬಿತ್ತುವ ಕ್ರಮವನ್ನು ರೈತನನ್ನೇ, ಕಬ್ಬಿಣ ಕರಗಿಸುವ ಕ್ರಮವನ್ನು ಕುಲುಮೆಯವನನ್ನೇ ಕೇಳಿ ಬರೆದವರು ಅವರು. ಯಾವುದನ್ನು ಯಾರು ಬಲ್ಲರೋ ಅವರನ್ನೇ ಕೇಳಬೇಕೆಂಬ ಈ ಪದ್ಧತಿಯನ್ನು ಅವರು ಮೀನಿನ ವಿಷಯದಲ್ಲಿಯೂ ಅನುಸರಿಸಿದರು.

1802ರಿಂದ 1803ರವರೆಗೆ ನೇಪಾಳದಲ್ಲಿದ್ದು, ಬಳಿಕ ಕಲ್ಕತ್ತೆಗೆ ಬಂದು ವೆಲ್ಲೆಸ್ಲಿಯವರ ವೈದ್ಯರಾದರು. ಬರಾಕ್‌ಪುರದ ಉದ್ಯಾನದಲ್ಲಿ ವೆಲ್ಲೆಸ್ಲಿಯವರು ಸ್ಥಾಪಿಸಿದ್ದ ಮೃಗಶಾಲೆಯ ಮೇಲ್ವಿಚಾರಣೆಯೂ ಅವರದಾಯಿತು. ಅಲ್ಲಿ ಪ್ರಾಣಿ ಪಕ್ಷಿಗಳನ್ನು ಸಾಕುವುದರ ಜೊತೆಗೆ ನಮ್ಮ ದೇಶದ ಚಿತ್ರಗಾರರಿಂದ ಅವುಗಳ ಚಿತ್ರಗಳನ್ನು ಬರೆಸುವ ಕಾರ್ಯ ನಡೆಯುತ್ತಿತ್ತು. 1805ರಲ್ಲಿ ವೆಲ್ಲೆಸ್ಲಿಯವರೊಡನೆ ಸ್ವದೇಶಕ್ಕೆ ಹೋಗಿ, ಪುನಃ ಬಂಗಾಳಕ್ಕೆ ಬಂದು, 1807ರಿಂದ 1814ರವರೆಗೆ ಆ ಪ್ರಾಂತದ ಮಹಾ ಸಮೀಕ್ಷೆಯನ್ನು ನಡೆಸಿದರು. ದಿನಾಜಪುರ, ರಂಗಪುರ, ಪೂರ್ಣಿಯ, ಭಾಗಲಪುರ, ಪಟ್ನಾ, ಶಾಹಾಬಾದ್, ಗೋರಖಪುರ, ಹೀಗೆ ಜಿಲ್ಲೆಯಿಂದ ಜಿಲ್ಲೆಗೆ ಸಾಗಿದ ಈ ಏಳು ವರ್ಷಗಳು ಅವರ ಬಾಳಿನ ಅತ್ಯಂತ ಶ್ರಮದ ವರ್ಷಗಳು. ಬ್ರಹ್ಮಪುತ್ರ, ಮಹಾನಂದಾ, ಕೋಸಿ, ಗಂಡಕಿ ಮೊದಲಾದ ನದಿಗಳ ನೀರು ಹರಿಯುವ ಸೀಮೆಗಳಿವು. ಜನಸಂಖ್ಯೆ, ಬೆಳೆ, ರೋಗರುಜಿನ, ಗುಡಿ ಮಸೀದಿಗಳ ಜೊತೆಗೆ ಅಲ್ಲಲ್ಲಿಯ ಮೀನುಗಳನ್ನೂ ಪಟ್ಟಿ ಮಾಡುತ್ತ ಹೋದರು.

ಇಲ್ಲಿ ಒಂದು ಮಾತನ್ನು ವಿಸ್ತಾರವಾಗಿ ಹೇಳಬೇಕಾಗಿದೆ. ಒಂದೇ ಬಗೆಯಾಗಿ ಕಾಣುವ ಮೀನುಗಳನ್ನು ಬೇರೆ ಬೇರೆಯೆಂದು ಹೇಳುವುದು ಹೇಗೆ? ನಮ್ಮಂಥವರು ಮೊದಲು ನೋಡುವುದು ಬಣ್ಣವನ್ನು. ಬಣ್ಣದಷ್ಟು ಮೋಸ ಮಾಡುವ ಲಕ್ಷಣ ಇನ್ನೊಂದಿಲ್ಲ. ಹೆದರಿದ ಮೀನು ಬಿಳಿಚುತ್ತದೆ, ಮೊಟ್ಟೆಯಿಡುವ ಕಾಲದಲ್ಲಿ ಗಂಡು ಕೆಂಪೇರುತ್ತದೆ, ಮರಿಗಳಿಗೆ ಬಣ್ಣವೇ ಬಂದಿರುವುದಿಲ್ಲ, ಸತ್ತರೆ ಗಳಿಗೆಯಲ್ಲಿ ಮಾಸುತ್ತದೆ. ರೋಸಿ ಬಾರ್ಬಿನ ಗಂಡು ಬೆಳೆದಾಗ ಗುಲಾಬಿಯಾಗುವುದೇನೋ ನಿಜ. ಮರಿಯಾಗಿದ್ದಾಗ ಅದೂ ಬೆಳ್ಳಿ, ಟಿಕ್ಟೊ ಕೂಡ ಬೆಳ್ಳಿ. ನಾನು ಮೋಸಹೋದದ್ದು ಅಲ್ಲಿಯೇ.

ಆದ್ದರಿಂದ ಬಲ್ಲವರು ಬಣ್ಣವನ್ನು ಬಿಟ್ಟು ಬದಲಾಗದ ಗುರುತುಗಳನ್ನು ಹುಡುಕುತ್ತಾರೆ. ಬಾಯಿಯ ಬಳಿ ಮೀಸೆಯುಂಟೇ, ಇದ್ದರೆ ಒಂದು ಜೊತೆಯೋ ಎರಡೋ? ಬೆನ್ನಿನ ಈಜುರೆಕ್ಕೆಯ ಗಟ್ಟಿಮುಳ್ಳು ನುಣುಪೋ, ಗರಗಸದಂತೆ ಹಲ್ಲುಳ್ಳದ್ದೋ? ಪಕ್ಕದಲ್ಲಿ ಹುರುಪೆಗಳ ಮೇಲೆ ಸಾಗುವ ಸಣ್ಣ ರಂಧ್ರಗಳ ಸಾಲು, ಅಂದರೆ ಪಾರ್ಶ್ವರೇಖೆ, ಬಾಲದವರೆಗೂ ಹೋಗುತ್ತದೆಯೋ ನಡುವೆಯೇ ನಿಲ್ಲುತ್ತದೆಯೋ? ಕಪ್ಪು ಬೊಟ್ಟು ಎಷ್ಟು, ಎಲ್ಲಿ? ಈ ನಾಲ್ಕು ಪ್ರಶ್ನೆಗಳಿಂದಲೇ ಗೆಂಡೆಯ ಜಾತಿಯ ಎಷ್ಟೋ ಮೀನುಗಳನ್ನು ವಿಂಗಡಿಸಬಹುದು. ಟಿಕ್ಟೊ ಮತ್ತು ಕೊಂಕೋನಿಯಸ್ ಎರಡಕ್ಕೂ ಮೀಸೆಯಿಲ್ಲ, ಎರಡರ ಮುಳ್ಳೂ ಹಲ್ಲುಳ್ಳದ್ದು, ಎರಡರ ಪಾರ್ಶ್ವರೇಖೆಯೂ ಅರ್ಧಕ್ಕೆ ನಿಲ್ಲುತ್ತದೆ, ಭೇದ ಬೊಟ್ಟಿನಲ್ಲಿದೆ. ಅವುಗಳ ನೆಂಟನಂತೆ ಕಾಣುವ ಸೊಫೋರೆ ಎಂಬ ಮೀನಿಗೂ ಮೀಸೆಯಿಲ್ಲ; ಆದರೆ ಅದರ ಮುಳ್ಳು ನುಣುಪು, ರೇಖೆ ಪೂರ್ಣ, ಬೊಟ್ಟು ಬಾಲದ ಬುಡದಲ್ಲಿ ಮತ್ತು ಬೆನ್ನಿನ ರೆಕ್ಕೆಯ ಬುಡದಲ್ಲಿ. ಚೋಲಾ ಎಂಬುದು ಸೊಫೋರೆಯಂತೆಯೇ ಕಂಡರೂ ಅದಕ್ಕೆ ಒಂದು ಜೊತೆ ಚಿಕ್ಕ ಮೀಸೆ. ಈ ನಾಲ್ಕನ್ನೂ ಲೋಕಕ್ಕೆ ಬೇರೆ ಬೇರೆಯಾಗಿ ಪರಿಚಯಿಸಿದವರು ಬುಕಾನನ್ನರೇ. ಎರಡು ಶತಮಾನ ಕಳೆದರೂ ನಾಲ್ಕೂ ಬೇರೆ ಬೇರೆ ಪ್ರಭೇದಗಳಾಗಿಯೇ ನಿಂತಿವೆ.

ಇಷ್ಟು ಸೂಕ್ಷ್ಮವಾದ ಭೇದಗಳತ್ತ ಅವರ ಕಣ್ಣು ಹೋದದ್ದು ಹೇಗೆ? ಅವರಿಟ್ಟ ಹೆಸರುಗಳೇ ಅದಕ್ಕೆ ಸಾಕ್ಷಿ. ಆ ಕಾಲದ ಪಂಡಿತರು ಹೊಸ ಜೀವಿಗಳಿಗೆ ಗ್ರೀಕ್ ಲ್ಯಾಟಿನ್ ಪದಗಳನ್ನೋ, ತಮ್ಮ ಪೋಷಕರಾದ ಪ್ರಭುಗಳ ಹೆಸರನ್ನೋ ಇಡುತ್ತಿದ್ದರು. ಬುಕಾನನ್ನರಾದರೋ ಬಹುಮಟ್ಟಿಗೆ ಆಯಾ ಊರಿನ ಜನ ಕರೆಯುತ್ತಿದ್ದ ಹೆಸರನ್ನೇ ತೆಗೆದುಕೊಂಡು ಲ್ಯಾಟಿನ್ನಿನ ಅಂಗಿ ತೊಡಿಸಿದರು. ಬಂಗಾಳಿಗಳ ಪುಂಟಿ ಪುಂಟಿಯಸ್ ಆಯಿತು. ರೋಹಿತವು ರೋಹಿತಾ ಆಗಿಯೇ ಉಳಿಯಿತು. ಕಾಟ್ಲಾ, ಇಲಿಶಾ, ಮೃಗಾಲಾ, ಚುನಾ, ಟಿಕ್ಟೊ, ಡ್ಯಾನಿಯೊ, ಇವೆಲ್ಲ ಲಂಡನ್ನಿನ ಗ್ರಂಥಾಲಯದಲ್ಲಿ ಹುಟ್ಟಿದ ಶಬ್ದಗಳಲ್ಲ, ನದಿಯ ದಂಡೆಯಲ್ಲಿ ಕೇಳಿ ಬರೆದುಕೊಂಡವು. ಎರಡು ಮೀನಿಗೆ ಬೆಸ್ತನು ಎರಡು ಹೆಸರು ಹೇಳಿದರೆ, ಅವು ಬೇರೆಯಾಗಿರಬಹುದೆಂದು ಮುಳ್ಳು ಮೀಸೆಗಳನ್ನು ಎಣಿಸಿ ಪರೀಕ್ಷಿಸಲು ಅದೊಂದು ಕಾರಣವಾಗುತ್ತದೆ. ಹೇಳಿದವರ ಮಾತಿಗೆ ನಗದೆ ಬಾಗಿ ನೋಡಿದವರು ಬುಕಾನನ್ನರು. ನಾನು ಮಾಡದೆ ಹೋದದ್ದು ಇಷ್ಟೇ ಅಲ್ಲವೇ?

1814ರಲ್ಲಿ ಅವರು ರಾಕ್ಸ್‌ಬರೋ ಅವರ ಸ್ಥಾನದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಅಧಿಕಾರಿಯಾದರು. ಆದರೆ ಆರೋಗ್ಯ ಕೆಟ್ಟಿತ್ತು. 1815ರಲ್ಲಿ ಭಾರತವನ್ನು ಬಿಟ್ಟು ಹೊರಟರು. ಆಗ ಅವರ ಬಾಳಿನ ದೊಡ್ಡ ದುಃಖ ಒದಗಿತು. ವರ್ಷಗಟ್ಟಲೆ ಶ್ರಮಪಟ್ಟು ಬರೆಸಿದ್ದ ಪ್ರಾಣಿ ಪಕ್ಷಿ ಮೀನುಗಳ ಚಿತ್ರಗಳನ್ನು ತಮ್ಮೊಡನೆ ಒಯ್ದು ಲಂಡನ್ನಿನಲ್ಲಿ ಕಂಪನಿಗೇ ಒಪ್ಪಿಸಬೇಕೆಂದು ಅವರು ಎಣಿಸಿದ್ದರು. ಗವರ್ನರ್ ಜನರಲ್ ಆಗಿದ್ದ ಮಾಯಿರಾ ಪ್ರಭುಗಳು ಅದಕ್ಕೆ ಒಪ್ಪಲಿಲ್ಲ. ಚಿತ್ರಗಳು ಕಲ್ಕತ್ತೆಯಲ್ಲಿಯೇ ಉಳಿಯಬೇಕಾಯಿತು. ಕೈಬರಹದ ಟಿಪ್ಪಣಿಗಳೊಡನೆ ಅವರು ಹಡಗು ಹತ್ತಿದರು.

ಸ್ಕಾಟ್ಲೆಂಡಿಗೆ ಮರಳಿದ ಮೇಲೆ ತಾಯಿಯ ಕಡೆಯ ಆಸ್ತಿ ಅವರಿಗೆ ಬಂತು. ಅದರೊಡನೆ ತಾಯಿಯ ಮನೆತನದ ಹೆಸರಾದ ಹ್ಯಾಮಿಲ್ಟನ್ ಎಂಬುದನ್ನು ಧರಿಸಿದರು. ಮೈಸೂರಿನ ಪ್ರವಾಸವನ್ನು ಬರೆದವರು ಬುಕಾನನ್, ಗಂಗೆಯ ಮೀನುಗಳನ್ನು ಬರೆದವರು ಹ್ಯಾಮಿಲ್ಟನ್ ಎಂದಾದದ್ದು ಹೀಗೆ. 1819ರಲ್ಲಿ ನೇಪಾಳದ ಗ್ರಂಥವನ್ನು ಪ್ರಕಟಿಸಿ, 1822ರಲ್ಲಿ, ತಮ್ಮ ಅರವತ್ತನೆಯ ವಯಸ್ಸಿನಲ್ಲಿ, ಗಂಗಾನದಿ ಮತ್ತು ಅದರ ಕವಲುಗಳ ಮೀನುಗಳನ್ನು ಕುರಿತ ಗ್ರಂಥವನ್ನು ಎಡಿನ್‌ಬರೋದಿಂದ ಹೊರತಂದರು. ಅದರಲ್ಲಿ ವರ್ಣಿತವಾದ ಮೀನುಗಳಲ್ಲಿ ನೂರಕ್ಕೂ ಹೆಚ್ಚು ಪ್ರಭೇದಗಳು ವಿಜ್ಞಾನಕ್ಕೆ ಹೊಚ್ಚ ಹೊಸವು. ಚಿತ್ರಪಟಗಳು ಮಾತ್ರ 39. ಎಲ್ಲ ಮೀನುಗಳಿಗೂ ಚಿತ್ರವಿಲ್ಲ. ಮೀನಿನ ಮಾದರಿಗಳನ್ನು ಸಾರಾಯಿಯ ಜಾಡಿಯಲ್ಲಿ ಕಾಪಿಟ್ಟು ಉಳಿಸಿದ ಸಂಗ್ರಹವೂ ಅವರದೆಂಬುದಿಲ್ಲ. ಹಲವು ಮೀನುಗಳ ಪಾಲಿಗೆ ಉಳಿದದ್ದು ಅವರ ಮಾತು ಮಾತ್ರ: ಇಷ್ಟು ಕಡ್ಡಿಗಳ ರೆಕ್ಕೆ, ಇಷ್ಟು ಮೀಸೆ, ಇಂಥ ಕಡೆ ಬೊಟ್ಟು, ಇಂಥ ಹೊಳೆಯಲ್ಲಿ ವಾಸ. ಒಂದು ಮೀನನ್ನು ಕಣ್ಣಿಗೆ ಕಾಣದವರಿಗೆ ಮಾತಿನಿಂದಲೇ ಗುರುತು ಸಿಗುವಂತೆ ಹೇಳುವುದು ಎಂಥ ಕಷ್ಟವೆಂಬುದನ್ನು, ಓದುಗರು ತಮ್ಮ ಗೆಳೆಯರ ಮುಖವನ್ನೇ ವರ್ಣಿಸಲು ಯತ್ನಿಸಿ ನೋಡಿದರೆ ತಿಳಿಯಬಹುದು.

ಅವರಿಗೂ ತಪ್ಪಾಗದೆ ಇರಲಿಲ್ಲ. ಹನಿ ಗೌರಾಮಿ ಎಂದು ನಾವು ಕರೆಯುವ ಮೀನಿನ ಗಂಡಿಗೂ ಹೆಣ್ಣಿಗೂ ಬಣ್ಣದಲ್ಲಿ ಬಹಳ ಅಂತರ. ಬುಕಾನನ್ನರು ಆ ಒಂದೇ ಮೀನಿಗೆ ಚುನಾ ಎಂದೂ ಸೋಟಾ ಎಂದೂ ಎರಡು ಹೆಸರಿಟ್ಟರು. ಇಂದು ಚುನಾ ಎಂಬುದು ಉಳಿದು, ಸೋಟಾ ಅದರಲ್ಲಿ ಅಡಗಿದೆ. ಇದಕ್ಕೆ ವಿರುದ್ಧವಾದುದೂ ನಡೆದಿದೆ. ಗಳಿಗೆಗೊಂದು ಬಣ್ಣ ತಾಳುವ ಬಾಡಿಸ್ ಎಂಬ ಮೀನನ್ನು ಅವರು ವರ್ಣಿಸಿದ ಮೇಲೆ, ಅದರಂತೆ ಕಂಡ ಮೀನುಗಳನ್ನೆಲ್ಲ ಜನ ಬಹುಕಾಲ ಅದೇ ಹೆಸರಿನಿಂದ ಕರೆಯುತ್ತಿದ್ದರು. 2002ರಲ್ಲಿ ಕುಲಾಂಡರ್ ಮತ್ತು ಬ್ರಿಟ್ಸ್ ಎಂಬ ವಿದ್ವಾಂಸರು ಕೂಲಂಕಷವಾಗಿ ಪರಿಶೀಲಿಸಿ, ಆ ಗುಂಪಿನಲ್ಲಿ ಹಲವು ಹೊಸ ಪ್ರಭೇದಗಳಿವೆಯೆಂದು ತೋರಿಸಿದರು. ಒಂದು ಎರಡಾಗಿ ಕಾಣುವುದು, ಹಲವು ಒಂದಾಗಿ ಕಾಣುವುದು, ಈ ಶಾಸ್ತ್ರದಲ್ಲಿ ಎರಡೂ ಅಪಾಯಗಳೇ.

ಎಲ್ಲಕ್ಕಿಂತ ಸೋಜಿಗದ ಕಥೆ ಕೋಸಿ ನದಿಯ ಪುಟ್ಟ ಮೀನಿನದು. ಬೆರಳುದ್ದವೂ ಇಲ್ಲದ, ಮೈಮೇಲೆ ನೀಲಿ ಪಟ್ಟೆಗಳಿರುವ ಆ ಮೀನಿಗೆ ಬುಕಾನನ್ನರು ರೆರಿಯೊ ಎಂದು ಹೆಸರಿಟ್ಟರು. ಅದೇ ಇಂದಿನ ಡ್ಯಾನಿಯೊ ರೆರಿಯೊ, ಅಂಗಡಿಗಳ ಜೀಬ್ರಾ ಮೀನು. ಅದರ ಬಳಗದ ಬೇರೆ ಪಟ್ಟೆಮೀನುಗಳಿಂದ ಅದನ್ನು ಬೇರ್ಪಡಿಸುವಾಗ ಗುದದ ಈಜುರೆಕ್ಕೆಯ ಮೇಲೂ ಬಾಲದ ಮೇಲೂ ಪಟ್ಟೆಗಳು ಹರಿದಿರುವುದನ್ನು ಗಮನಿಸಬೇಕು. 1963ರಲ್ಲಿ ಜರ್ಮನಿಯ ಮೈಂಕೆನ್ ಎಂಬವರು, ಪಟ್ಟೆಯ ಬದಲು ಚಿರತೆಯಂತೆ ಚುಕ್ಕೆಗಳಿದ್ದ ಮೀನೊಂದನ್ನು ಹೊಸ ಪ್ರಭೇದವೆಂದು ಸಾರಿ ಫ್ರಾಂಕೀ ಎಂಬ ಹೆಸರಿಟ್ಟರು. ಆ ಮೇಲೆ ತಿಳಿದದ್ದು, ಅದು ರೆರಿಯೊ ಮೀನಿನದೇ ಒಂದು ತಳಿ. ಒಂದು ಆನುವಂಶಿಕ ಬದಲಾವಣೆಯಿಂದ ಪಟ್ಟೆ ಒಡೆದು ಚುಕ್ಕೆಯಾಗಿದೆ, ಅಷ್ಟೇ. ಕಣ್ಣಿಗೆ ಅಷ್ಟು ಬೇರೆಯಾಗಿ ಕಂಡದ್ದು ಒಂದೇ, ಅಷ್ಟು ಒಂದೇ ಆಗಿ ಕಂಡ ನನ್ನ ಬೆಳ್ಳಿ ಮೀನುಗಳು ಬೇರೆ! ಅಮೆರಿಕದ ಆರಿಗನ್ ವಿಶ್ವವಿದ್ಯಾನಿಲಯದ ಜಾರ್ಜ್ ಸ್ಟ್ರೈಸಿಂಗರ್ ಅವರು ಈ ಮೀನನ್ನೇ ತಮ್ಮ ಆನುವಂಶಿಕ ಸಂಶೋಧನೆಗೆ ಆರಿಸಿಕೊಂಡು 1981ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಇಂದು ಜಗತ್ತಿನ ದೊಡ್ಡ ದೊಡ್ಡ ಪ್ರಯೋಗಶಾಲೆಗಳಲ್ಲಿ ರೋಗಗಳ ಮೂಲವನ್ನು ಹುಡುಕಲು ಇದನ್ನು ಸಾಕುತ್ತಾರೆ. ಒಂದು ಕಾಲಕ್ಕೆ ಯಾರೂ ಬೆಲೆ ಕೊಡದ ಪುಡಿ ಮೀನು ಹೀಗೆ ವೈದ್ಯರ ಕೈಗೇ ಬಂದು ಸೇರಿತು.

ಬುಕಾನನ್ನರು ತಮ್ಮ ಶ್ರಮದ ಫಲವನ್ನು ಕಾಣಲಿಲ್ಲ. 1829ನೆಯ ಇಸವಿ ಜೂನ್ 15ರಂದು ಅವರು ತೀರಿಕೊಂಡರು. ಏಳು ವರ್ಷಗಳ ಬಂಗಾಳದ ಸಮೀಕ್ಷೆಯನ್ನು 1838ರಲ್ಲಿ ಮಾಂಟ್‌ಗೊಮರಿ ಮಾರ್ಟಿನ್ ಎಂಬವರು ಮೊಟಕುಗೊಳಿಸಿ ಮೂರು ಸಂಪುಟಗಳಾಗಿ ಅಚ್ಚು ಹಾಕಿಸಿದಾಗ, ಮುಖಪುಟದಲ್ಲಿ ಅದನ್ನು ಬರೆದವರ ಹೆಸರೇ ಇರಲಿಲ್ಲ! ಕಲ್ಕತ್ತೆಯಲ್ಲಿ ಉಳಿದ ಮೀನಿನ ಚಿತ್ರಗಳ ಭಾಗ್ಯ ಇದಕ್ಕಿಂತ ಸ್ವಲ್ಪ ಮೇಲು. ಮುಂದಿನ ತಲೆಮಾರಿನವರು ಅವನ್ನು ಹೊರತೆಗೆದು ನೋಡತೊಡಗಿದರು. ಅವರ ಮಾತಿಗೂ ಆ ಚಿತ್ರಗಳಿಗೂ ನದಿಯ ಮೀನುಗಳಿಗೂ ಗಂಟು ಹಾಕುವ ಕೆಲಸವನ್ನು ನಮ್ಮ ದೇಶದವರೇ ಆದ ಸುಂದರ್ ಲಾಲ್ ಹೋರಾ ಅವರು ಕೈಗೊಂಡು 1929ರಲ್ಲಿ, ಅಂದರೆ ಬುಕಾನನ್ನರು ಗತಿಸಿ ಸರಿಯಾಗಿ ನೂರು ವರ್ಷಕ್ಕೆ, ಗಂಗೆಯ ಮೀನುಗಳ ಅಧ್ಯಯನಕ್ಕೆ ನೆರವಾಗುವ ಪ್ರಬಂಧವನ್ನು ಪ್ರಕಟಿಸಿದರು. ಇದೇ ಹೋರಾ ಅವರು 1937ರಲ್ಲಿ ನಮ್ಮ ಕೊಡಗಿನ ಕಾವೇರಿಯಿಂದ ಟಿಕ್ಟೊ ಗುಂಪಿನ ಇನ್ನೊಂದು ಪುಟ್ಟ ಮೀನನ್ನು ಗುರುತಿಸಿ ನಾರಾಯಣಿ ಎಂದು ಹೆಸರಿಟ್ಟರು.

ಈ ಚಿತ್ರಗಳನ್ನು ಬರೆದವರು ಯಾರು? ಬುಕಾನನ್ನರ ಹೆಸರಾದರೂ ಮೀನುಗಳ ಜೊತೆಗೆ ಉಳಿಯಿತು. ಚಿತ್ರಗಾರನ ಹೆಸರು ಮೀನಿನ ಜೊತೆಗೆ ಸೇರಲು ಇನ್ನೂ ಬಹುಕಾಲ ಬೇಕಾಯಿತು. ಆತ ಹಲೂದಾರ್ ಎಂಬ ಬಂಗಾಳಿ. ಹುರುಪೆ ಹುರುಪೆಯನ್ನೂ ಎಣಿಸಿದಂತೆ ಬರೆದ ಆ ಕೈಯಿಲ್ಲದಿದ್ದರೆ ಎಷ್ಟೋ ಮೀನುಗಳ ಗುರುತು ಇಂದು ವಾದದಲ್ಲಿಯೇ ಉಳಿಯುತ್ತಿತ್ತು. 2012ರಲ್ಲಿ ಶ್ರೀಲಂಕೆಯ ರೋಹನ್ ಪೆಥಿಯಗೊಡ ಮತ್ತು ಸಂಗಡಿಗರು, ಬುಕಾನನ್ನರ ಕಾಲದಿಂದ ಒಂದೇ ಗುಡಾಣದಲ್ಲಿ ತುಂಬಿಟ್ಟಂತಿದ್ದ ಪುಂಟಿಯಸ್ ಗುಂಪನ್ನು ಶೋಧಿಸಿ ಹಲವು ಕುಲಗಳಾಗಿ ಒಡೆದರು. ಟಿಕ್ಟೊ, ಕೊಂಕೋನಿಯಸ್‌ಗಳು ಪೆಥಿಯಾ ಎಂಬ ಕುಲಕ್ಕೆ ಹೋದದ್ದು ಆಗಲೇ. ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಕೆಂಪು ಮೈಗೆ ಕಪ್ಪು ಪಟ್ಟೆ ಕಟ್ಟಿದಂತಿರುವ ಚೆಲುವಾದ ಮೀನುಗಳ ಇನ್ನೊಂದು ಗುಂಪಿಗೆ ಅವರು ಮೊದಲು ದ್ರಾವಿಡಿಯಾ ಎಂದು ಹೆಸರಿಟ್ಟರು. ಆದರೆ ಆ ಹೆಸರನ್ನು ಅದಾಗಲೇ ಒಂದು ಜಾತಿಯ ನೊಣಕ್ಕೆ ಕೊಟ್ಟಾಗಿತ್ತು. ಆದ್ದರಿಂದ 2013ರಲ್ಲಿ ಹೊಸ ಹೆಸರನ್ನು ಹುಡುಕಬೇಕಾಗಿ ಬಂದು, ಪೆಥಿಯಗೊಡ ಅವರು ಆರಿಸಿದ್ದು ಹಲೂದಾರಿಯಾ. ಗಂಗೆಯ ಮೀನುಗಳನ್ನು ಬರೆದ ಚಿತ್ರಗಾರನ ಹೆಸರು ಇಂದು ನಮ್ಮ ಘಟ್ಟದ ತಿಳಿನೀರಿನಲ್ಲಿ ಈಜುತ್ತಿದೆ. ಆ ಕುಲದ ಫ್ಯಾಸಿಯಾಟಾ, ಮೆಲನಾಂಪಿಕ್ಸ್ ಎಂಬೆರಡು ಮೀನುಗಳು ಒಂದನ್ನೊಂದು ಎಷ್ಟು ಹೋಲುತ್ತವೆಯೆಂದರೆ, ಅವನ್ನು ಬೇರ್ಪಡಿಸಲು ಬಲ್ಲವರೂ ತಡವರಿಸುತ್ತಾರೆ. ಗುರುತಿಸುವ ಕೆಲಸ ಮುಗಿದಿಲ್ಲ.

ಬುಕಾನನ್ನರ ಜೀವನವನ್ನು ಓದಿದ ಮೇಲೆ ನನಗೆ ತೋರಿದ್ದನ್ನು ಹೇಳಿ ಮುಗಿಸುತ್ತೇನೆ. ಅವರ ದೊಡ್ಡತನವಿರುವುದು ಅವರು ಎಷ್ಟು ಮೀನುಗಳನ್ನು ಕಂಡರೆಂಬುದರಲ್ಲಿ ಮಾತ್ರವಲ್ಲ. ಕಂಡದ್ದನ್ನು ಮೊದಲೇ ಕಂಡವರಿದ್ದಾರೆಂದು ತಿಳಿದು, ಅವರಿಟ್ಟ ಹೆಸರನ್ನು ಅಳಿಸದೆ ಉಳಿಸಿದ್ದರಲ್ಲಿಯೂ ಇದೆ. ಆದರೆ ಆ ಹೆಸರುಗಳನ್ನು ಹೇಳಿದ ಬೆಸ್ತರು ಯಾರು, ಅವರ ಸ್ವಂತ ಹೆಸರೇನು ಎಂದು ಇಂದು ಹೇಳಬಲ್ಲವರಿಲ್ಲ. ಚಿತ್ರಗಾರನಿಗೆ ಎರಡು ಶತಮಾನದ ಬಳಿಕವಾದರೂ ಅವನ ಪಾಲು ದೊರೆಯಿತು. ಅವರಿಗೆ ಇನ್ನೂ ದೊರೆತಿಲ್ಲ.

ಕಳೆದ ತಿಂಗಳು ನಾನು ತೊಟ್ಟಿಯ ಹಳೆಯ ಚೀಟಿಯನ್ನು ಕಿತ್ತು, ಅಟೆಂಡರ್ ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊಸದನ್ನು ಬರೆದೆ. ಈಗ ಚೀಟಿಗಳು ಎರಡು. ಒಂದೊಂದರಲ್ಲಿಯೂ ಶಾಸ್ತ್ರೀಯ ನಾಮ, ಬೊಟ್ಟ�ಿನ ಗುರುತು, ಕೆಳಗೆ ಗುರುತಿಸಿಕೊಟ್ಟವರು ಎಂದು ಅಣ್ಣನ ಹೆಸರು. ಹೆಸರು ಬರೆಯುವುದು ಬೇಡವೆಂದು ಅವರು ಬಹಳ ಹೇಳಿದರು. ಆ ಒಂದು ಮಾತನ್ನು ಮಾತ್ರ ನಾನು ಕೇಳಲಿಲ್ಲ. ವಾಚನಾಲಯಕ್ಕೆ ಬರುವ ಮಿತ್ರರು ಒಮ್ಮೆ ತೊಟ್ಟಿಯ ಮುಂದೆ ಬಾಗಿ ನೋಡಬೇಕೆಂದು ನನ್ನ ವಿಜ್ಞಾಪನೆ.